ಮೊದಲು ಪಹಣಿ, ಆಮೇಲೆ ಪರಂಪರೆ: ಕೊಡಗಿನ ಒಂದು ಗ್ರಾಮದಲ್ಲಿ ನಡೆದ ಸಮಾಲೋಚನೆ

ಜನವರಿಯ ಒಂದು ಬೆಳಿಗ್ಗೆ ನಮ್ಮ ಗ್ರಾಮ ಪಂಚಾಯಿತಿಯಲ್ಲಿ ಸಭೆ ಕರೆದಿದ್ದರು. ಊರಿನ ಪರಂಪರೆಯ ಜಾಗಗಳನ್ನು ಪಟ್ಟಿ ಮಾಡಬೇಕು, ಅವನ್ನು ಉಳಿಸಬೇಕು, ಹೊರಗಿನವರಿಗೂ ಪರಿಚಯ ಮಾಡಿಕೊಡಬೇಕು, ಇದಕ್ಕೆಲ್ಲ ಊರವರ ಅಭಿಪ್ರಾಯ ಬೇಕು ಅನ್ನುವುದು ವಿಷಯ. ಅಧ್ಯಕ್ಷರು ಮಾತಾಡಿದರು. ಪಿಡಿಒ ಮಾತಾಡಿದರು. ಈಗ ನೀವು ಹೇಳಿ ಅಂದಾಗ ಹಿಂದಿನ ಸಾಲಿನಿಂದ ಹಿರಿಯರೊಬ್ಬರು ಎದ್ದು ಒಂದೇ ಪ್ರಶ್ನೆ ಕೇಳಿದರು.

"ಪಟ್ಟಿಗೆ ಸೇರಿಸಿದ ಮೇಲೆ ನಮ್ಮ ಪಹಣಿಯಲ್ಲಿ ಏನು ಬರೀತೀರಿ?"

ವೇದಿಕೆಯ ಮೇಲಿದ್ದ ಯಾರ ಹತ್ತಿರವೂ ಉತ್ತರ ಇರಲಿಲ್ಲ. "ಅದು ಆಮೇಲೆ ನೋಡೋಣ" ಅಂದರು. ಆ ಮಾತಿಗೇ ಸಭೆ ಮುಗಿದ ಹಾಗಾಯಿತು. ಒಬ್ಬರು ಎದ್ದು ಹೋದರು, ಅವರ ಹಿಂದೆ ಇನ್ನು ನಾಲ್ಕು ಜನ. ಕಾಫಿ ಕೊಯ್ಲಿನ ಸಮಯ ಬೇರೆ. ತೋಟದಲ್ಲಿ ಕೆಲಸದವರನ್ನು ಬಿಟ್ಟು ಬಂದಿದ್ದವರಿಗೆ ಕೂತಿರಲು ಕಾರಣವೇ ಇರಲಿಲ್ಲ. ನಡಾವಳಿ ಬರೆಯಲು ಕೂತಿದ್ದವಳು ನಾನು. ಆ ದಿನ ನನ್ನ ಪುಸ್ತಕದಲ್ಲಿ ಬರೆಯುವಂಥದ್ದು ಆ ಒಂದು ಪ್ರಶ್ನೆ ಮಾತ್ರ ಇತ್ತು.

ಮುಂದಿನ ಹತ್ತು ತಿಂಗಳಲ್ಲಿ ಏನಾಯಿತು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾಪೋಕ್ಲು ಕಡೆಯ ಊರು ಅಂತ ತಿಳಿದರೆ ಸಾಕು. ಹೆಸರು ಹಾಕಬಾರದು ಅಂತ ಸಭೆಯಲ್ಲೇ ಮಾತಾಗಿದೆ.

ಭಯ ಎಲ್ಲಿಂದ ಬಂತು

ನಮ್ಮವರಿಗೆ ಪರಂಪರೆ ಬೇಡ ಅಂತ ಯಾರಾದರೂ ಅಂದರೆ ನನಗೆ ಬೇಜಾರಾಗುತ್ತದೆ. ಸುಗ್ಗಿ ಹಬ್ಬ ಹುತ್ತರಿಗೆ ಬೆಂಗಳೂರಿನಿಂದ ರಾತ್ರಿಯಿಡೀ ಗಾಡಿ ಓಡಿಸಿಕೊಂಡು ಬಂದು ಕದಿರು ತೆಗೆಯುವ ಜನ ಇವರು. ಇವರ ಭಯ ಬೇರೆ, ಅದಕ್ಕೆ ಕಾರಣವೂ ಇದೆ.

ಪಶ್ಚಿಮಘಟ್ಟದ 39 ತಾಣಗಳನ್ನು ಯುನೆಸ್ಕೊ 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕರ್ನಾಟಕದ 10 ತಾಣಗಳಲ್ಲಿ ನಮ್ಮ ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿ ಅಭಯಾರಣ್ಯಗಳೂ ಇವೆ. 'ಪರಂಪರೆ' ಅನ್ನುವ ಪದ ಆಗ ಊರಿಗೆ ಬಂದದ್ದು ಗೌರವವಾಗಿ ಅಲ್ಲ, ಗಾಬರಿಯಾಗಿ. ಮರುವರ್ಷ ಪಶ್ಚಿಮಘಟ್ಟದ ರಕ್ಷಣೆ ಬಗ್ಗೆ ಕೇಂದ್ರ ಸರ್ಕಾರ ನೇಮಿಸಿದ್ದ ಕಸ್ತೂರಿರಂಗನ್ ಸಮಿತಿಯ ವರದಿ ಬಂತು. ಪರಿಸರ ಸೂಕ್ಷ್ಮ ಪ್ರದೇಶದ ಪಟ್ಟಿಯಲ್ಲಿ ಕೊಡಗಿನ 55 ಗ್ರಾಮಗಳ ಹೆಸರಿತ್ತು. 2014ರಲ್ಲಿ ಮೊದಲ ಕರಡು ಅಧಿಸೂಚನೆ, ಆಮೇಲೆ ಒಂದರ ಹಿಂದೆ ಒಂದು. 2024ರ ಜುಲೈ ಕೊನೆಯಲ್ಲಿ ಬಂದದ್ದು ಆರನೆಯದು. ಆಕ್ಷೇಪಣೆಗೆ 60 ದಿನ ಕೊಟ್ಟಿದ್ದರು. ಆ ಸೆಪ್ಟೆಂಬರಿನಲ್ಲಿ ರಾಜ್ಯದ ಸಚಿವ ಸಂಪುಟ ವರದಿಯನ್ನು ಒಪ್ಪುವುದಿಲ್ಲ ಅಂತ ತೀರ್ಮಾನಿಸಿತು.

ಇಷ್ಟು ವರ್ಷ ನಮ್ಮೂರಿಗೆ ಈ ಸುದ್ದಿಗಳು ಹೇಗೆ ತಲುಪಿದವು? ಅಂಗಡಿ ಮುಂದಿನ ಮಾತಾಗಿ, ವಾಟ್ಸ್ಆ್ಯಪ್ ಸಂದೇಶವಾಗಿ. ಮನೆ ಕಟ್ಟೋ ಹಾಗಿಲ್ಲವಂತೆ, ಹಂದಿಗೂಡು ಕಟ್ಟೋ ಹಾಗಿಲ್ಲವಂತೆ, ತೋಟಕ್ಕೆ ಗೊಬ್ಬರ ಹಾಕೋ ಹಾಗಿಲ್ಲವಂತೆ. ಯಾವುದು ನಿಜ, ಯಾವುದು ಸುಳ್ಳು ಅಂತ ಪಕ್ಕದಲ್ಲಿ ಕೂತು ಬಿಡಿಸಿ ಹೇಳಿದವರು ಯಾರೂ ಇಲ್ಲ. ಹಾಗಾಗಿ "ನಿಮ್ಮ ಅಭಿಪ್ರಾಯ ತಿಳಿಸಿ" ಅಂದ ಕೂಡಲೇ ಜನರ ಬಾಯಿಗೆ ಬರುವುದು ಆಕ್ಷೇಪಣೆ. ಅಭಿಪ್ರಾಯ ಅಂದರೆ ವಿರೋಧ ಬರೆದು ಕೊಡುವುದು ಅಂತಲೇ ಇಲ್ಲಿ ರೂಢಿಯಾಗಿದೆ.

ಇದರ ಜೊತೆಗೆ ಜಮ್ಮಾ ಜಮೀನಿನ, ಅಂದರೆ ತಲೆತಲಾಂತರದಿಂದ ಬಂದ ಹಿಡುವಳಿಯ ಗೋಜಲು. ಹೊರಗಿನ ಓದುಗರಿಗೆ ಸ್ವಲ್ಪ ಹೇಳಬೇಕು. ಇಲ್ಲಿ ಎಷ್ಟೋ ಜಮೀನು ಒಬ್ಬೊಬ್ಬರದ್ದಲ್ಲ, ಒಕ್ಕದ್ದು, ಅಂದರೆ ಒಂದೇ ಮೂಲದ ಇಡೀ ಕುಟುಂಬದ್ದು. ಗದ್ದೆಗೆ ಸೇರಿಕೊಂಡು ಬಾಣೆ ಇರುತ್ತದೆ. ಸೊಪ್ಪಿಗೆ, ಸೌದೆಗೆ, ದನ ಮೇಯಿಸಲಿಕ್ಕೆ ಅಂತ ಬಿಟ್ಟಿದ್ದ ಜಾಗ ಅದು. ಈಗ ಹೆಚ್ಚಿನ ಕಡೆ ಕಾಫಿ ತೋಟವಾಗಿದೆ. ಪಹಣಿಯಲ್ಲಿ ತೀರಿಹೋದ ಪಟ್ಟೆದಾರರ, ಅಂದರೆ ಒಕ್ಕದ ಯಜಮಾನರ ಹೆಸರೇ ಇನ್ನೂ ಓಡುತ್ತಿರುವ ಕುಟುಂಬಗಳು ಬೇಕಾದಷ್ಟಿವೆ. ಹೆಸರು ತಿದ್ದಿಸಲು ವರ್ಷಗಟ್ಟಲೆ ಅಲೆದವರಿಗೆ ಅದೇ ಕಾಗದದ ಮೇಲೆ ಇನ್ನೊಂದು ಸಾಲು ಸೇರುತ್ತದೆ ಅಂದರೆ ಎದೆ ಹೊಡೆದುಕೊಳ್ಳುವುದಿಲ್ವಾ?

ಎದ್ದು ನಿಂತ ಆ ಅಜ್ಜ ಕೇಳಿದ್ದು ಇದನ್ನೇ.

ಒಂದು ಹಾಳೆ

ಸಭೆ ಕೆಟ್ಟ ಮೇಲೆ ನಾವು ಕೆಲವರು ಅಜ್ಜನ ಮನೆಗೆ ಹೋದೆವು. ಪಂಚಾಯಿತಿಯ ಇಬ್ಬರು ಸದಸ್ಯರು, ಒಬ್ಬ ನಿವೃತ್ತ ಸರ್ವೆಯರ್, ನಾನು. ಅಜ್ಜ ಕಾಫಿ ಕೊಡಿಸಿದರು. ಆಮೇಲೆ ನನ್ನನ್ನು ನೋಡಿ ಹೇಳಿದರು: "ಅಲ್ಲಮ್ಮ, ನಾನು ಬೇಡ ಅನ್ನಲಿಲ್ಲ. ನೀವು ಏನು ಕೇಳ್ತಿದ್ದೀರಿ ಅಂತ ಮೊದಲು ಬರೆದು ಕೊಡಿ. ಬಾಯಿಮಾತು ಕೇಳಿ ಕೇಳಿ ಸಾಕಾಗಿದೆ."

ಬರೆಯಲು ಕೂತಾಗ ನಮಗೇ ಎಷ್ಟು ಗೊತ್ತಿಲ್ಲ ಅಂತ ಗೊತ್ತಾಯಿತು. ಜನರ ತಲೆಯಲ್ಲಿ ಎರಡು ಮೂರು ಕಾನೂನು ಕಲಸಿಹೋಗಿದ್ದವು. ನಮ್ಮ ತಲೆಯಲ್ಲೂ ಅಷ್ಟೇ. ಮಡಿಕೇರಿ ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. 1958ರ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಿದ್ದುಪಡಿಯಾಯಿತು. ಅದರ ಪ್ರಕಾರ ಅಂಥ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವ ಹಾಗಿಲ್ಲ. ಅದರಾಚೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಬೇಕು. ಊರಿನಲ್ಲಿ ಎಲ್ಲರಿಗೂ ಗೊತ್ತಿದ್ದದ್ದು ಆ '100 ಮೀಟರ್' ಒಂದೇ. ನಮ್ಮ ಐನ್‌ಮನೆ, ಅಂದರೆ ಒಕ್ಕದ ಮೂಲ ಮನೆ, ಪಟ್ಟಿಗೆ ಸೇರಿದರೆ ಪಕ್ಕದಲ್ಲಿ ಕೊಟ್ಟಿಗೆ ಕಟ್ಟಲೂ ದೆಹಲಿಗೆ ಹೋಗಬೇಕು ಅಂತ ನಂಬಿದ್ದರು. ಆದರೆ ಆ ನಿಯಮ ರಾಷ್ಟ್ರೀಯ ಮಹತ್ವದ ಸ್ಮಾರಕ ಅಂತ ಘೋಷಣೆಯಾದ ಜಾಗಕ್ಕೆ ಮಾತ್ರ. ಪಂಚಾಯಿತಿ ತನ್ನ ಪುಸ್ತಕದಲ್ಲಿ ಒಂದು ಹೆಸರು ಬರೆದುಕೊಂಡರೆ ಅದು ಅನ್ವಯ ಆಗುವುದಿಲ್ಲ. ಈ ಒಂದು ವಾಕ್ಯವನ್ನು ಜನವರಿಯಲ್ಲೇ ಹೇಳಿದ್ದರೆ ಅರ್ಧ ಸಭೆ ಕೂತಿರುತ್ತಿತ್ತು.

ಕೊನೆಗೆ ಒಂದೇ ಹಾಳೆ ಸಿದ್ಧವಾಯಿತು. ಪಟ್ಟಿಯಿಂದ ಏನು ಆಗುತ್ತದೆ, ಏನು ಆಗುವುದಿಲ್ಲ ಅಂತ ಎರಡು ಭಾಗ. ಪಹಣಿಯಲ್ಲಿ ಯಾವ ನಮೂದೂ ಆಗುವುದಿಲ್ಲ. ಖಾಸಗಿ ಜಾಗ ಮಾಲೀಕರು ಒಪ್ಪದೆ ಸೇರುವುದಿಲ್ಲ. ಒಪ್ಪಿದವರು ಆಮೇಲೆ ಬೇಡ ಅಂದರೆ ತೆಗೆಯುತ್ತೇವೆ. ಕೆಳಗೆ ಅಧ್ಯಕ್ಷರ ಸಹಿ, ಪಂಚಾಯಿತಿ ಮೊಹರು. ಇದನ್ನು ಕನ್ನಡದಲ್ಲಿ ಓದಿ, ಕೊಡವ ತಕ್ಕ್‌ನಲ್ಲೂ ಅರೆಭಾಷೆಯಲ್ಲೂ ಬಿಡಿಸಿ ಹೇಳಲು ಊರಿನವರನ್ನೇ ಕೇಳಿಕೊಂಡೆವು.

ಮೊಹರು ಹಾಕಿಸಿದ್ದು ಸುಲಭವಾಗಿರಲಿಲ್ಲ. "ಇಷ್ಟೆಲ್ಲ ಬರೆದುಕೊಟ್ಟರೆ ನಾಳೆ ನಮ್ಮ ಕುತ್ತಿಗೆಗೆ ಬರುತ್ತೆ" ಅನ್ನುವ ಮಾತು ಕಚೇರಿಯಲ್ಲಿ ಬಂತು. ಮೂರು ವಾರ ಹೋಯಿತು. ಆದರೆ ಈ ಪ್ರಕರಣದಲ್ಲಿ ನಿಜವಾಗಿ ಕೆಲಸ ಮಾಡಿದ್ದು ಆ ಹಾಳೆಯೇ ಅಂತ ನನ್ನ ನಂಬಿಕೆ. ಜಮೀನಿನ ಭಯಕ್ಕೆ ಬರಹದಲ್ಲಿ ಉತ್ತರ ಸಿಗುವ ತನಕ ಕೊಡಗಿನಲ್ಲಿ ಪರಂಪರೆಯ ಮಾತು ಶುರುವಾಗುವುದೇ ಇಲ್ಲ.

ಮಂದ್‌, ದೇವರಕಾಡು, ಲೈನ್‌ಮನೆ

ಎರಡನೇ ಸುತ್ತನ್ನು ಏಪ್ರಿಲ್, ಮೇ ತಿಂಗಳಿಗೆ ಇಟ್ಟೆವು. ಕೊಯ್ಲು ಮುಗಿದಿರುತ್ತದೆ, ಮಳೆ ಹಿಡಿದಿರುವುದಿಲ್ಲ, ಊರ ದೇವರ ಹಬ್ಬಕ್ಕೆ ಹೊರಗಿದ್ದವರೂ ಬಂದಿರುತ್ತಾರೆ. ಸಭಾಂಗಣ ಬಿಟ್ಟೆವು. ಜಾಗದಲ್ಲೇ ನಿಂತು ಮಾತಾಡುವುದು ಅಂತಾಯಿತು.

ಮೊದಲು ಮಂದ್‌. ಹುತ್ತರಿಯಲ್ಲಿ ಊರವರೆಲ್ಲ ಸೇರಿ ಕೋಲಾಟ ಆಡುವ ಹಸಿರು ಬಯಲು ಅದು. ನಿವೃತ್ತ ಸರ್ವೆಯರ್ ಹಳೇ ನಕ್ಷೆ ತಂದಿದ್ದರು. ನೋಡಿದರೆ ನಮ್ಮ ಮಂದ್‌ ದಾಖಲೆಯಲ್ಲಿ ಮಂದ್‌ ಅಂತಲೇ ಇಲ್ಲ. ಪೈಸಾರಿ ಅಂತ ಇದೆ. ಅಂದರೆ ಬರೀ ಸರ್ಕಾರಿ ಜಾಗ. ನಾಳೆ ನಿವೇಶನಕ್ಕೋ ಕಟ್ಟಡಕ್ಕೋ ಮಂಜೂರು ಮಾಡಿದರೆ ಕೇಳುವ ಹಾಗೂ ಇಲ್ಲ. ಒಂದು ಮಗ್ಗುಲಲ್ಲಿ ಆಗಲೇ ಬೇಲಿ ಒಳಗೆ ಬಂದಿತ್ತು, ಬೇಲಿಯೊಳಗೆ ಕಾಫಿ ಗಿಡ. ಯಾರದ್ದು ಅಂತ ಎಲ್ಲರಿಗೂ ಗೊತ್ತು. ಆ ಮನೆಯವರೂ ಅಲ್ಲೇ ನಿಂತಿದ್ದರು. ತುಂಬ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಆ ಮನೆಯ ಹಿರಿಯರು "ನಮ್ಮ ಅಪ್ಪನ ಕಾಲದಿಂದ ಬೇಲಿ ಇಲ್ಲೇ ಇದೆ" ಅಂದರು. "ನಿಮ್ಮ ಅಪ್ಪ ನಮ್ಮ ಜೊತೆ ಕೋಲು ಹೊಡೆದದ್ದು ಆ ಗಿಡ ಇರೋ ಜಾಗದಲ್ಲೇ ಮಾವ" ಅಂತ ಇನ್ನೊಬ್ಬರು ಮೆತ್ತಗೆ ಹೇಳಿದರು. ಅಷ್ಟಕ್ಕೇ ನಿಂತಿತು. ಜಗಳ ಆಗಲಿಲ್ಲ, ಬೇಲಿಯೂ ಕದಲಲಿಲ್ಲ.

ದೇವರಕಾಡಿನಲ್ಲಿ ಜಾಸ್ತಿ ಹೊತ್ತು ಕಳೆದೆವು. ಕೊಡಗಿನಲ್ಲಿ 1,214 ದೇವರಕಾಡುಗಳ ಲೆಕ್ಕ ಇದೆ. ಹಳೇ ದಾಖಲೆಯಲ್ಲಿ ಸುಮಾರು 15,500 ಎಕರೆ ಇದ್ದದ್ದು 1985ರ ಹೊತ್ತಿಗೆ 6,300 ಎಕರೆಯಷ್ಟಾಗಿತ್ತು ಅಂತ ಲೆಕ್ಕ ಹೇಳುತ್ತದೆ. ನಮ್ಮದು ಅಯ್ಯಪ್ಪನ ಕಾಡು. ಬೇಟೆಯ ದೇವರು, ಹಾಗಾಗಿ ಹರಕೆಗೆ ಮಣ್ಣಿನ ನಾಯಿಗಳು. ಮರದ ಬುಡದಲ್ಲಿ ಸಾಲು ಸಾಲು ಇವೆ. ಕೆಲವಕ್ಕೆ ಕಿವಿ ಮುರಿದಿದೆ, ಕೆಲವಕ್ಕೆ ಪಾಚಿ ಕಟ್ಟಿ ಬಣ್ಣವೇ ಹಸಿರಾಗಿದೆ. ಈ ಕಾಡಿನಲ್ಲಿ ಕತ್ತಿ ಆಡಿಸಬಾರದು, ಬಿದ್ದ ಸೌದೆಯನ್ನೂ ಮನೆಗೆ ಒಯ್ಯಬಾರದು ಅನ್ನುವುದು ನಾವು ಸಣ್ಣವರಿದ್ದಾಗಿನಿಂದ ಕೇಳಿದ ಮಾತು.

ಕಾಡಿನ ಅಂಚಿನಲ್ಲಿ ಗುಡಿಯ ಮುಂದೆ ಇಂಟರ್‌ಲಾಕ್ ಕಲ್ಲು ಹಾಸಿದ್ದಾರೆ. ಅದರ ಪಕ್ಕದಲ್ಲಿ ಅನ್ನಸಂತರ್ಪಣೆಗೆ ಒಂದು ದೊಡ್ಡ ಶೆಡ್ ಬೇಕು ಅನ್ನುವುದು ದೇವಸ್ಥಾನ ಸಮಿತಿಯ ಯೋಚನೆ. ಅದಕ್ಕೆ ಕೆಲವು ಮರ ಹೋಗಬೇಕು. ಸಮಿತಿಯ ಹುಡುಗರು ಕೆಟ್ಟವರಲ್ಲ. ಹಬ್ಬದ ದಿನ ಮಳೆಯಲ್ಲಿ ನೆನೆದುಕೊಂಡು ಊರಿಗೆಲ್ಲ ಬಡಿಸುವವರು ಅವರೇ. "ವಯಸ್ಸಾದವರು ಎಲೆ ಹಿಡಿದು ಕೆಸರಲ್ಲಿ ನಿಲ್ತಾರೆ ಅಕ್ಕ, ನೋಡೋಕಾಗಲ್ಲ" ಅಂತ ಒಬ್ಬ ನನಗೆ ಹೇಳಿದ. ಅವನ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಆದರೆ ಅಲ್ಲೇ ನಿಂತಿದ್ದ, ದೇವರ ಕೆಲಸದ ಮುಖ್ಯಸ್ಥರಾದ ದೇವತಕ್ಕರು ಮೇಲೆ ನೋಡಿ, "ಈ ಅಯ್ಯಪ್ಪನಿಗೆ ಮೊದಲು ಗುಡಿಯೇ ಇರಲಿಲ್ಲ, ಮರವೇ ಇದ್ದದ್ದು" ಅಂದರು. ಜನರೇ ಸುತ್ತ ನೋಡತೊಡಗಿದರು, ಶೆಡ್ ಬೇರೆ ಎಲ್ಲಿ ಆಗಬಹುದು ಅಂತ. ರಸ್ತೆಯ ಈಚೆ, ಕಾಡಿನ ಗಡಿಯ ಹೊರಗೆ ಜಾಗ ಇತ್ತು. ಸ್ವಲ್ಪ ನಡೆಯಬೇಕು ಅಷ್ಟೇ. ಅಲ್ಲಿಗೆ ಆಗಲಿ ಅಂತ ಹೆಚ್ಚಿನವರು ಒಪ್ಪಿದರು. ಹಾಸಿದ ಕಲ್ಲು ತೆಗೆಯಲು ಮಾತ್ರ ಒಪ್ಪಲಿಲ್ಲ. ಇಂಥ ತೀರ್ಮಾನ ಸಭಾಂಗಣದಲ್ಲಿ ಕುರ್ಚಿ ಮೇಲೆ ಕೂತು ಆಗುತ್ತಿರಲಿಲ್ಲ. ಅಲ್ಲಿ ಮರ ಕಾಣುವುದಿಲ್ಲವಲ್ಲ.

ಪಂಚಾಯಿತಿಯ ಜೀವವೈವಿಧ್ಯ ದಾಖಲಾತಿ ಪುಸ್ತಕವನ್ನೂ ಆ ದಿನ ತೆಗೆದು ನೋಡಿದೆವು. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಒಂದು ಸಮಿತಿ ಇರಬೇಕು, ಊರಿನವರನ್ನು ಕೇಳಿ ಆ ದಾಖಲಾತಿ ಬರೆಯಬೇಕು. ನಮ್ಮದರಲ್ಲಿ ದೇವರಕಾಡಿಗೆ ಒಂದೇ ಸಾಲು ಇತ್ತು. ಮಣ್ಣಿನ ನಾಯಿಯ ಮಾತೇ ಇಲ್ಲ, ಒಳಗಿನ ಕೆರೆಯದ್ದೂ ಇಲ್ಲ.

ಇಲ್ಲಿಯವರೆಗೆ ಮಾತಾಡಿದವರು ಯಾರು ಅಂತ ರಾತ್ರಿ ನನ್ನ ಪುಸ್ತಕ ತೆಗೆದು ನೋಡಿದಾಗ ನಾಚಿಕೆಯಾಯಿತು. ಒಕ್ಕಗಳ ಗಂಡಸರು, ಅಲ್ಲೊಬ್ಬ ಇಲ್ಲೊಬ್ಬ ಹೆಂಗಸು. ಹಬ್ಬಕ್ಕೆ ಪರೆ ಬಾರಿಸುವ ಮೇದರು ಬಂದಿರಲಿಲ್ಲ. ತೋಟದ ಲೈನ್‌ಮನೆಗಳಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ, ಇರುವ ಯರವ ಬುಡಕಟ್ಟಿನವರನ್ನು ಕರೆದೇ ಇರಲಿಲ್ಲ. ನೋಟಿಸ್ ಬೋರ್ಡಿನಲ್ಲಿ 'ಸಾರ್ವಜನಿಕರು' ಅಂತ ಹಾಕಿದ್ದೆವು. ಆ ಪದದಲ್ಲಿ ತಾವೂ ಇದ್ದೇವೆ ಅಂತ ಅವರು ಹೇಗೆ ತಿಳಿಯಬೇಕು?

ಹಾಗಾಗಿ ಒಂದು ಸಂಜೆ ಕೆಲಸ ಬಿಟ್ಟ ಮೇಲೆ ಲೈನ್‌ಮನೆ ಹತ್ತಿರವೇ ಹೋಗಿ ಕೂತೆವು. ಮೊದಲು ಯಾರೂ ಬಾಯಿ ಬಿಡಲಿಲ್ಲ. ತೋಟದ ಸಾಹುಕಾರರ ಮಗ ನಮ್ಮ ಜೊತೆ ಬಂದಿದ್ದ. ಅವನಿಗೇ ಅದು ಅರ್ಥವಾಗಿ, "ನಾನು ಆಚೆ ಇರ್ತೀನಿ ಅಕ್ಕ" ಅಂತ ಎದ್ದು ಹೋದ. ಆಮೇಲೆ ವಯಸ್ಸಾದ ಯರವ ಹೆಂಗಸೊಬ್ಬರು ನಿಧಾನಕ್ಕೆ ಶುರು ಮಾಡಿದರು. ದೇವರಕಾಡಿನ ಕೆಳಗಿನ ತುದಿಯಲ್ಲಿ ತಮ್ಮ ದೈವದ ಕಲ್ಲು ಇದೆ. ಅಲ್ಲಿಗೆ ಹೋಗುವ ದಾರಿಗೆ ಈಗ ಗೇಟ್ ಬಂದಿದೆ. ವರ್ಷಕ್ಕೊಮ್ಮೆ ಹೋಗಬೇಕಾದರೂ ಬೀಗದ ಕೈ ಕೇಳಬೇಕು. "ಕೊಡಲ್ಲ ಅನ್ನಲ್ಲ ಅವ್ವ, ಆದರೆ ಕೇಳಬೇಕಲ್ಲ" ಅಂದರು.

ಹಿಂದಿನ ದಿನ ದೇವರಕಾಡಿನಲ್ಲಿ ಇಡೀ ಬೆಳಿಗ್ಗೆ ಇದ್ದೆವಲ್ಲ, ನಮ್ಮಲ್ಲಿ ಒಬ್ಬರೂ ಆ ಕಲ್ಲಿನ ಮಾತು ಎತ್ತಿರಲಿಲ್ಲ.

ಅವರೇ ಇನ್ನೊಂದನ್ನೂ ತೋರಿಸಿದರು. ಮರುದಿನ ತೋಟದ ನಡುವೆ ನಡೆಯುತ್ತಿದ್ದಾಗ ಒಂದು ದೊಡ್ಡ ತಗ್ಗು ಸಿಕ್ಕಿತು. ಎರಡೂ ಕಡೆ ದಿಬ್ಬ, ಅದರ ಮೇಲೆ ಮರ. ನಾನು ಅದನ್ನು ಮಳೆ ನೀರು ಕೊರೆದ ಹಳ್ಳ ಅಂದುಕೊಂಡೇ ಬೆಳೆದವಳು. "ಇದು ಕಡಂಗ" ಅಂದರು ಅವರು. ಕಡಂಗ ಅಂದರೆ ಹಿಂದಿನ ಕಾಲದಲ್ಲಿ ಗಡಿಗೆ, ಯುದ್ಧದ ಕಾವಲಿಗೆ ತೋಡಿದ ಆಳವಾದ ಕಂದಕ. ಕೊಡಗಿನ ಉದ್ದಗಲಕ್ಕೂ ಇವೆ. ಕಡಂಗ ಅಂತಲೇ ಹೆಸರಿರುವ ಊರೂ ಇದೆ. ಇಷ್ಟು ಇದ್ದರೂ ಜನವರಿಯ ಸಭೆಯಲ್ಲಿ ಪರಂಪರೆ ಅಂತ ಹೇಳುವಾಗ ಯಾರ ಬಾಯಲ್ಲೂ ಕಡಂಗ ಬರಲಿಲ್ಲ. ಗುಡಿ ಬಂತು, ಐನ್‌ಮನೆ ಬಂತು. ಮಣ್ಣಿನ ಗುಂಡಿಯನ್ನು ಯಾರು ಪರಂಪರೆ ಅಂತಾರೆ? ತೋಟಕ್ಕೆ ರಸ್ತೆ ಮಾಡುವಾಗ ಜೆಸಿಬಿ ಒಂದು ಮಧ್ಯಾಹ್ನದಲ್ಲಿ ಮುಚ್ಚಿಬಿಡುತ್ತದೆ, ಅದು ಕಡಂಗ ಅಂತ ಗೊತ್ತಾಗುವುದೂ ಇಲ್ಲ.

ತೋರಿಸಬೇಕಾ, ಬೇಡವಾ

ಪ್ರಚಾರದ ವಿಷಯ ಬಂದಾಗ ಊರು ಎರಡಾಯಿತು. ಹೋಂಸ್ಟೇ ನಡೆಸುವ ಒಬ್ಬ ಅಕ್ಕ ಚೆನ್ನಾಗಿ ವಾದಿಸಿದರು. ಬಂದವರು ಜಲಪಾತ ಎಲ್ಲಿ, ಹಂದಿ ಕರಿ ಎಲ್ಲಿ ಅಂತ ಮಾತ್ರ ಕೇಳಿ ಹೋಗುತ್ತಾರೆ. ಊರಿನ ಕತೆ ಹೇಳಿದರೆ ಎರಡು ದಿನ ಜಾಸ್ತಿ ಇರುತ್ತಾರೆ. ಆ ದುಡ್ಡಿನಲ್ಲೇ ಐನ್‌ಮನೆಯ ಹೆಂಚು ಬದಲಾಯಿಸಿದ್ದೇವೆ ಅಂದರು. ಅದು ನಿಜ. ಐನ್‌ಮನೆಗೆ ಪಾಲುದಾರರು ಹತ್ತಾರು ಜನ, ಅರ್ಧ ಜನ ಹೊರಗೆ. ಮಾಡು ಸೋರುತ್ತಿದ್ದರೂ ಯಾರು ಎಷ್ಟು ಕೊಡಬೇಕು ಅಂತ ತೀರ್ಮಾನವಾಗುವಷ್ಟರಲ್ಲಿ ಎರಡು ಮಳೆಗಾಲ ಕಳೆದಿರುತ್ತದೆ. ಒಕ್ಕದ ಮೂಲಪುರುಷನಾದ ಕಾರೋಣನಿಗೆ ಎಡೆ ಕೊಡುವ ದಿನ ಮಾತ್ರ ಬಾಗಿಲು ತೆರೆಯುವ ಮನೆಗಳಿವೆ.

ಇನ್ನೊಂದು ಕಡೆಯವರ ಮಾತೂ ಸುಳ್ಳಲ್ಲ. ದೇವರಕಾಡಿನಿಂದ ಮಣ್ಣಿನ ನಾಯಿ ಎತ್ತಿಕೊಂಡು ಹೋದವರಿದ್ದಾರೆ. ರೀಲ್ಸ್ ಮಾಡಲು ಚಪ್ಪಲಿ ಹಾಕಿಕೊಂಡೇ ಒಳಗೆ ಹೋದವರಿದ್ದಾರೆ. ನನ್ನ ಮನಸ್ಸು ಇವರ ಕಡೆಗೇ ಇತ್ತು, ಅದನ್ನು ಮುಚ್ಚಿಡುವುದಿಲ್ಲ.

ದಾರಿ ಸಿಕ್ಕಿದ್ದು ಪಟ್ಟಿಯನ್ನು ಎರಡು ಮಾಡಿದಾಗ. ಒಂದು ಎಲ್ಲರಿಗೂ ತೋರಿಸುವಂಥದ್ದು. ಒಪ್ಪಿದ ಐನ್‌ಮನೆಗಳು, ಮಂದ್‌, ಹುತ್ತರಿ ಕೋಲಾಟದ ದಿನ, ಹಳೇ ಓಣಿ. ಇನ್ನೊಂದು ಪಂಚಾಯಿತಿ ಕಪಾಟಿನಲ್ಲಿ ಇರುವಂಥದ್ದು. ದೇವರಕಾಡಿನ ಒಳಗಿನ ಜಾಗಗಳು, ದೈವದ ಕಲ್ಲು, ಹಿರಿಯರ ನೆನಪಿನ ಗುಡಿಗಳಾದ ಕೈಮಡಗಳು. ಎರಡು ಒಕ್ಕದವರು ಯಾವ ಪಟ್ಟಿಯೂ ಬೇಡ ಅಂದರು. ಅವರ ಹೆಸರು ಬರೆಯಲಿಲ್ಲ. ಮೊಹರು ಹಾಕಿದ ಹಾಳೆಯ ಮಾತು ಉಳಿಸಿಕೊಳ್ಳಬೇಕಲ್ವಾ? ಆಮೇಲೆ ಅದರಲ್ಲಿ ಒಂದು ಒಕ್ಕದವರು ತಾವೇ ಬಂದು ಸೇರಿಸಿ ಅಂದರು.

ಈಗ ಎಲ್ಲಿದೆ

ಜೂನ್ ಮೊದಲ ವಾರದ ಗ್ರಾಮಸಭೆಯಲ್ಲಿ ಪಟ್ಟಿಯನ್ನು ಓದಿ ಒಪ್ಪಿಗೆ ಪಡೆದೆವು. ಮಂದ್‌ ಬಗ್ಗೆ ಬೇರೆಯೇ ನಿರ್ಣಯ. 1964ರ ಭೂಕಂದಾಯ ಕಾಯ್ದೆಯ 71ನೇ ಕಲಂ ಪ್ರಕಾರ ಸರ್ಕಾರಿ ಜಾಗವನ್ನು ಸಾರ್ವಜನಿಕ ಉದ್ದೇಶಕ್ಕೆ ಅಂತ ಕಾಯ್ದಿರಿಸಬಹುದು. ಹಾಗೆ ಕಾಯ್ದಿರಿಸಿದ ಜಾಗವನ್ನು ಜಿಲ್ಲಾಧಿಕಾರಿಯ ಅನುಮತಿ ಇಲ್ಲದೆ ಬೇರೆ ಯಾವುದಕ್ಕೂ ಬಳಸುವ ಹಾಗಿಲ್ಲ. ನಮ್ಮ ಮಂದ್‌ ಅನ್ನು ಹಾಗೆ ಕಾಯ್ದಿರಿಸಿ ಕೊಡಿ ಅಂತ ಕೇಳಿ ಕಳಿಸಿದ್ದೇವೆ. ನೋಡಿ, ಪಹಣಿಗೆ ಹೆದರಿ ಎದ್ದು ಹೋದ ಜನರೇ ಇಲ್ಲಿ ದಾಖಲೆಯಲ್ಲಿ ಬರೆಯಿರಿ ಅಂತ ಕೇಳಿದ್ದು. ನಿರ್ಣಯಕ್ಕೆ ಮೊದಲು ಕೈ ಎತ್ತಿದವರು ಆ ಅಜ್ಜ. ಉತ್ತರ ಇನ್ನೂ ಬಂದಿಲ್ಲ.

ಬೇಲಿಯ ವಿಷಯ ಹಾಗೇ ಇದೆ. ಪಟ್ಟಿಯ ಆ ಪುಟದಲ್ಲಿ ಬೇಲಿ ಹಾಕಿದ ಮನೆಯವರ ಮಾತನ್ನೂ ಅವರು ಹೇಳಿದ ಹಾಗೇ ಬರೆದಿದ್ದೇವೆ. ದೈವದ ಕಲ್ಲಿನ ದಾರಿಗೆ ಗೇಟ್ ಇದೆ, ಆದರೆ ಬೀಗದ ಒಂದು ಕೈ ಈಗ ಲೈನ್‌ಮನೆಯಲ್ಲಿದೆ. ಅಷ್ಟು ಸಾಲದು. ಗೇಟೇ ಇರಬಾರದಿತ್ತು. ಶೆಡ್ಡಿಗೆ ರಸ್ತೆಯ ಈಚೆ ನೆಲ ಮಟ್ಟ ಮಾಡಿದ್ದಾರೆ. ಮೇದರ ಹಿರಿಯರನ್ನು ಮಾತಾಡಿಸಿ ಪರೆಯ ಬೇರೆ ಬೇರೆ ಬಡಿತಗಳನ್ನು, ಯಾವುದು ಯಾವ ಹೊತ್ತಿಗೆ ಅಂತ, ದಾಖಲಿಸಬೇಕಿತ್ತು. ಮಳೆ ಶುರುವಾಯಿತು, ಆಗಲಿಲ್ಲ. ಇದು ನಮ್ಮದೇ ತಪ್ಪು. ಅವರಿಗೆ ವಯಸ್ಸಾಗಿದೆ, ಬೇಗ ಮಾಡಬೇಕು.

ಕಳೆದ ತಿಂಗಳು ಬೆಳಿಗ್ಗೆ ಏಳು ಗಂಟೆಗೇ ನನಗೆ ಒಂದು ಫೋನ್ ಬಂತು. ನಮ್ಮೂರಿನ ಜೆಸಿಬಿ ಹುಡುಗ. ತೋಟವೊಂದರಲ್ಲಿ ರಸ್ತೆ ತೆಗೆಯಲು ಬಂದಿದ್ದಾನೆ. "ಅಕ್ಕಾ, ಇಲ್ಲಿ ಒಂದು ತಗ್ಗಿದೆ, ಎರಡೂ ಕಡೆ ದಿಬ್ಬ. ಇದು ಪಟ್ಟಿಯಲ್ಲಿರೋ ಕಡಂಗವಾ?"

ಹೋಗಿ ನೋಡಿದೆ. ಕಡಂಗವೇ. ಆದರೆ ನಮ್ಮ ಪಟ್ಟಿಯಲ್ಲಿ ಇರಲಿಲ್ಲ, ಆ ಕಡೆಗೆ ನಾವು ನಡೆದೇ ಇರಲಿಲ್ಲ. ಜಾಗದವರು ಮೈಸೂರಿನಲ್ಲಿದ್ದರು. ಫೋನ್ ಮಾಡಿ ವಿಷಯ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಬರೋ ತನಕ ಮುಟ್ಟಬೇಡಿ" ಅಂದರು. ಹುಡುಗ ಗಾಡಿ ಹಿಂದಕ್ಕೆ ತೆಗೆದು ಮರದ ಕೆಳಗೆ ನಿಲ್ಲಿಸಿದ. ಅವರು ಮುಂದಿನ ವಾರ ಬರುತ್ತಾರೆ.